‘ಫ್ರೆಶ್’ ಶಬ್ದ ಕಲಿತ ಬೇಸಿಗೆ

೧೯೩೦ರ ದಶಕದ ನಡುವಿನ ಮಾತು. ನಾನಾಗ ಪುಣೆಯಲ್ಲಿ ಸ್ಯಾನಿಟರಿ ಇನ್‌ಸ್ಪೆಕ್ಟರ್. ಹುದ್ದೆಯ ಹೆಸರು ದೊಡ್ಡದು, ಕೆಲಸ ಮೂಗಿನದು. ಬೆಳಗಾದರೆ ಸೈಕಲ್ ಹತ್ತಿ ಗಟಾರ, ಹಾಲಿನ ಅಂಗಡಿ, ಖಾನಾವಳಿ, ಬಾವಿ ಎಂದು ಸುತ್ತುವುದು, ಕೆಟ್ಟ ವಾಸನೆ ಬಂದಲ್ಲಿ ಇಳಿಯುವುದು. ಊರು ಧಾರವಾಡ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್. ಮೊದಲಿನ ಎರಡು ತಾವಾಗಿಯೇ ಬಂದಿದ್ದವು, ಮೂರನೆಯದನ್ನು ಶಾಲೆಯಲ್ಲಿ ಕಲಿತು ಮುಗಿಸಿದ್ದೇನೆಂದು ನಂಬಿದ್ದೆ.

‘ಫ್ರೆಶ್ ಅಂದರ ತಾಜಾ’ ಎಂದು ಶಾಲೆಯ ಮಾಸ್ತರರು ಬರೆಸಿ ಮುಂದಿನ ಶಬ್ದಕ್ಕೆ ಹೋಗಿದ್ದರು. ನಮ್ಮ ಕಚೇರಿಯಲ್ಲಿ ಆ ಶಬ್ದಕ್ಕೆ ಪುರುಸೊತ್ತೇ ಇರಲಿಲ್ಲ. ಹಾಲು ಫ್ರೆಶ್, ಗಾಳಿ ಫ್ರೆಶ್, ಗೋಡೆಗೆ ಬಳಿದ ಸುಣ್ಣ ಫ್ರೆಶ್. ಅರ್ಜಿ ಸರಿಯಿಲ್ಲದಿದ್ದರೆ ಇನ್ನೊಂದು ಫ್ರೆಶ್ ಅರ್ಜಿ. ರೋಗ ಹಬ್ಬಿದಾಗ ಹೊಸದಾಗಿ ಹಾಸಿಗೆ ಹಿಡಿದವರು ‘ಫ್ರೆಶ್ ಕೇಸ್’. ಕಾಲರಾ ತಗುಲಿ ಬಿದ್ದವನಿಗೂ ಹಾಲಿಗೂ ಒಂದೇ ಶಬ್ದ ಹಚ್ಚುವ ಭಾಷೆ ನನಗೆ ವಿಚಿತ್ರವೆನಿಸುತ್ತಿತ್ತು. ಆದರೆ ಸಂಬಳ ಕೊಡುವವರ ಭಾಷೆ, ನಾನೂ ಹಾಗೆಯೇ ಬರೆಯುತ್ತಿದ್ದೆ.

ಆ ಬೇಸಿಗೆಯಲ್ಲಿ ಪೇಟೆಯ ಕೆಲವು ಓಣಿಗಳಲ್ಲಿ ಕಾಲರಾ ಕಾಣಿಸಿತು. ನಮ್ಮ ಆರೋಗ್ಯಾಧಿಕಾರಿ ಆಗತಾನೇ ವಿಲಾಯತಿಯಿಂದ ಬಂದಿದ್ದ ಇಂಗ್ಲಿಷ್ ಡಾಕ್ಟರು. ಪ್ರಾಮಾಣಿಕ ಮನುಷ್ಯ, ದುಡಿಮೆಗಾರ, ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ. ಅವರು ಒಂದು ಆಜ್ಞೆ ಹೊರಡಿಸಿದರು: ಹೋಟೆಲುಗಳಲ್ಲಿ ಫ್ರೆಶ್ ಆಹಾರವನ್ನಷ್ಟೇ ಮಾರಬೇಕು. ಫ್ರೆಶ್ ಎಂದರೇನೆಂದು ಯಾರೋ ಕೇಳಿದ್ದಕ್ಕೆ, ‘ರಾತ್ರಿ ಕಳೆದದ್ದು ಯಾವುದೂ ಫ್ರೆಶ್ ಅಲ್ಲ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ಕೇಳಲು ಸ್ಪಷ್ಟವಾಗಿಯೇ ಇತ್ತು.

ನನ್ನ ಸರಹದ್ದಿನಲ್ಲಿ ವಾಸುದೇವ ಭಟ್ಟರ ಹೋಟೆಲಿತ್ತು. ಭಟ್ಟರು ಕುಂದಾಪುರದ ಕಡೆಯವರು. ಅಡುಗೆ, ಗಲ್ಲಾ, ಬಡಿಸುವುದು ಎಲ್ಲ ತಾವೇ. ವಿಜಾಪುರ, ಬೆಳಗಾವಿ ಕಡೆಯಿಂದ ಬಂದ ಕಾರಕೂನರಿಗೆ ಆ ಇಕ್ಕಟ್ಟಾದ ಜಾಗವೇ ತವರುಮನೆ. ಭಟ್ಟರ ಇಡ್ಲಿ ಮಲ್ಲಿಗೆಯಂತಿರುತ್ತಿತ್ತು. ಅಡುಗೆಗೆ ನಳದ ನೀರು. ನಳ ಬರುವುದು ಬಿಸಿಲೇರಿದ ಮೇಲೆ, ಆದ್ದರಿಂದ ಹಿಂದಿನ ದಿನವೇ ತಾಮ್ರದ ಹಂಡೆಗಳನ್ನು ತುಂಬಿ ಮುಚ್ಚಿಡುವ ರೂಢಿ. ಹಿತ್ತಲಿನಲ್ಲಿ ಒಂದು ಹಳೆಯ ಬಾವಿಯೂ ಇತ್ತು. ಅದರ ನೀರು ನೆಲ ತೊಳೆಯುವುದಕ್ಕಷ್ಟೇ ಎಂದು ನಮ್ಮ ಖಾತೆಯವರು ಮೊದಲೇ ತಾಕೀತು ಮಾಡಿದ್ದರು, ಭಟ್ಟರು ಅದನ್ನು ಪಾಲಿಸುತ್ತಲೂ ಇದ್ದರು.

ಆಜ್ಞೆ ಹೊರಟ ಮರುದಿನ ಬೆಳಗ್ಗೆ ಡಾಕ್ಟರು ನನ್ನನ್ನು ಕರೆದುಕೊಂಡು ಅಲ್ಲಿಗೇ ಬಂದರು. ಇಡ್ಲಿ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದರು. ಹಿಟ್ಟು ರಾತ್ರಿಯಿಡೀ ಹುಳಿಬಂದು, ಉಬ್ಬಿ, ಗುಳ್ಳೆ ಬಿಡುತ್ತಿತ್ತು. ಅವರು ಮೂಗಿಗೆ ಕರವಸ್ತ್ರ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಎಲ್ಲವನ್ನೂ ಗಟಾರಕ್ಕೆ ಸುರಿಸಿ ಮೇಲೆ ಫಿನಾಯಿಲ್ ಹಾಕಿಸಿದರು. ಇನ್ನೊಮ್ಮೆ ಕಂಡರೆ ಲೈಸೆನ್ಸ್ ರದ್ದು ಎಂದು ಹೇಳಲು ನನಗೆ ಸೂಚಿಸಿದರು.

“ಭಟ್ರ, ಸಾಹೇಬ್ರು ಹೇಳ್ಲಿಕ್ಕತ್ತಾರ, ರಾತ್ರಿ ಕಳದದ್ದು ಏನೂ ಇರಬಾರದಂತ. ಮತ್ತ ಸಿಕ್ರ ಲೈಸೆನ್ಸ್ ಹೋಗತದ.”

ಭಟ್ಟರು ಗಟಾರದಲ್ಲಿ ಹರಿಯುತ್ತಿದ್ದ ಹಿಟ್ಟನ್ನೇ ನೋಡುತ್ತಿದ್ದರು. “ಹುಳಿ ಬಾರದೆ ಇಡ್ಲಿ ಹ್ಯಾಗೆ ಏಳ್ತದೆ ಮಾರಾಯ್ರೆ? ಇದು ತಂಗಳು ಅಲ್ಲ. ಬೆಂದ ಮೇಲೆ ಉಳಿದದ್ದು ತಂಗಳು. ಇದಿನ್ನೂ ಒಲೆಯನ್ನೇ ಕಂಡಿಲ್ಲವಲ್ಲ!”

ಮಾತು ನ್ಯಾಯವಾಗಿತ್ತು. ಕಚೇರಿಗೆ ಮರಳಿ ಅದನ್ನೇ ಡಾಕ್ಟರ ಮುಂದೆ ಇಟ್ಟೆ. ಅವರು ದಿನಾ ತಿನ್ನುವ ಬ್ರೆಡ್ಡಿನ ಹಿಟ್ಟೂ ಹೀಗೆಯೇ ಉಬ್ಬಿಬರುತ್ತದೆ ಎಂದೂ ಹೇಳಿದೆ. ಹೇಳಿದ ಮೇಲೆ ಗೆದ್ದೆನೆಂದುಕೊಂಡೆ. ಅವರು ತಲೆಯೆತ್ತದೆ, “ಬ್ರೆಡ್ ಬ್ರೆಡ್ಡೇ” ಎಂದು ಮುಂದಿನ ಕಾಗದ ತೆಗೆದುಕೊಂಡರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಭಟ್ಟರಿಗೆ ಪುಣೆಯಲ್ಲಿ ಇದ್ದದ್ದು ಆ ಹೋಟೆಲೊಂದೇ. ಊರಲ್ಲಿ ಹೆಂಡತಿ, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಲೈಸೆನ್ಸ್ ಹೋದರೆ ಅವರಿಗೆ ನೆಲೆಯಿಲ್ಲ. ಆದ್ದರಿಂದ ಅವರು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದರು. ನಸುಕಿನಲ್ಲೆದ್ದು ರುಬ್ಬಿ, ಹುಳಿಬರಲು ಬಿಡದೆ ಬೇಯಿಸಿದರು. ಇಡ್ಲಿ ಕಲ್ಲಾಯಿತು.

ಗಿರಾಕಿಗಳು ಗೊಣಗುತ್ತ ಒಬ್ಬೊಬ್ಬರಾಗಿ ಬೇರೆ ಕಡೆ ಹೊರಟರು. ಬಿಡದೆ ಬಂದವರು ಗೋವಿಂದರಾಯರು. ವಿಜಾಪುರದವರು, ಒಂದು ವಕೀಲರ ಕಚೇರಿಯಲ್ಲಿ ಗುಮಾಸ್ತರು, ಹೆಂಡತಿ ತೀರಿಕೊಂಡ ಮೇಲೆ ಎರಡೂ ಹೊತ್ತು ಭಟ್ಟರಲ್ಲೇ ಊಟ. ನಾನು ತಪಾಸಣೆಗೆಂದು ಹೋದ ದಿನ ಅವರು ಇಡ್ಲಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳುತ್ತ ಕೂತಿದ್ದರು.

“ಇದನ್ನ ಗ್ವಾಡಿ ಕಟ್ಟಲಿಕ್ಕೆ ಕೊಡ್ರಿ ಭಟ್ರ, ಮನಿ ಭಾಳ ಗಟ್ಟಿ ಆಗತದ. ಇರ್ಲಿ, ಚಟ್ನಿ ಇನ್ನಷ್ಟು ಹಾಕ್ರಿ. ಒಣಾ ಇಳಿಯೂದಿಲ್ಲ ಇದು.”

ಭಟ್ಟರು ನಾಚಿಕೆಯಿಂದ ನಕ್ಕು, ಇಡ್ಲಿ ಮುಳುಗುವಷ್ಟು ತೆಳ್ಳಗಿನ ಕಾಯಿಚಟ್ನಿ ಸುರಿದರು. “ತಿನ್ನಿ, ಈಗಷ್ಟೇ ರುಬ್ಬಿದ್ದು” ಎಂದರು. ಒಬ್ಬ ಹಳೆಯ ಗಿರಾಕಿಯಾದರೂ ಉಳಿದರಲ್ಲ ಎಂಬ ಸಮಾಧಾನ ಅವರ ಮುಖದಲ್ಲಿ ಕಾಣುತ್ತಿತ್ತು.

ಆ ವಾರವೇ ಗೋವಿಂದರಾಯರಿಗೆ ವಾಂತಿಭೇದಿ ಹತ್ತಿತು. ಆಸ್ಪತ್ರೆಗೆ ಸೇರಿಸಿದರು. ರೋಗಿಗಳ ಪಟ್ಟಿಯಲ್ಲಿ ಅವರ ಹೆಸರು ನೋಡಿದೆ. ಮರುದಿನ ಅವರು ತೀರಿಕೊಂಡರು.

ರೋಗ ಎಲ್ಲಿಂದ ಬಂತೆಂದು ಹುಡುಕುವುದು ನನ್ನ ಕೆಲಸ. ಬೆಳಗ್ಗೆ ಭಟ್ಟರಲ್ಲಿಗೆ ಹೋದೆ. ಅಡುಗೆಮನೆ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಆದರೆ ತಾಮ್ರದ ಹಂಡೆಗಳೆಲ್ಲ ಬೋರಲು ಬಿದ್ದಿದ್ದವು, ಒಣಗಿದ್ದವು. ಹಿತ್ತಲಿಗೆ ಹೋದರೆ ಬಾವಿಯ ಹಗ್ಗ ಒದ್ದೆಯಾಗಿತ್ತು.

“ಭಟ್ರ, ನಳದ ನೀರು ಎಲ್ಲದ? ಹಂಡೇದಾಗ ಯಾಕ ತುಂಬಿಟ್ಟಿಲ್ಲ?”

“ನೀವೇ ಹೇಳಿದ್ದಲ್ವ ಮಾರಾಯ್ರೆ, ರಾತ್ರಿ ಕಳೆದದ್ದು ಏನೂ ಇರಬಾರದು ಅಂತ? ಹಂಡೆಯ ನೀರೂ ರಾತ್ರಿ ಕಳೆದದ್ದೇ. ಅದಕ್ಕೆ ಎಲ್ಲ ಚೆಲ್ಲಿ, ನಸುಕಿನಲ್ಲಿ ಮಿಂದು ಬಾವಿಯಿಂದ ಹೊಸ ನೀರು ಸೇದ್ತೇನೆ. ನಮ್ಮೂರಲ್ಲಿ ದೇವರಿಗೂ ಅದೇ ನೀರು.”

ಅವರ ಊರಿನಲ್ಲಿ ಮನೆಗೊಂದು ಬಾವಿ. ಬೆಳಗ್ಗೆ ಮೊದಲು ಸೇದಿದ ನೀರಿಗಿಂತ ಶುದ್ಧವಾದದ್ದು ಅವರಿಗೆ ಲೋಕದಲ್ಲಿ ಬೇರೆ ಇರಲಿಲ್ಲ. ಬಾವಿಯ ಬಗೆಗಿನ ಹಳೆಯ ತಾಕೀತಿಗಿಂತ ಸಾಹೇಬರ ಹೊಸ ಆಜ್ಞೆಯೇ ದೊಡ್ಡದೆಂದು ಬಗೆದಿದ್ದರು. ಆದರೆ ಈ ಬಾವಿಯ ಬಗಲಿಗೇ ಗಟಾರ ಹರಿಯುತ್ತಿತ್ತು. ಇಡ್ಲಿ ಹೇಗಿದ್ದರೂ ಹಬೆಯಲ್ಲಿ ಬೇಯುತ್ತದೆ, ಅದರಿಂದ ಅಪಾಯವಿರಲಿಲ್ಲ. ಒಲೆ ಕಾಣದೆ ಎಲೆಗೆ ಬರುವುದು ಚಟ್ನಿ.

ನಾನು ಚಟ್ನಿಯ ಒರಳಿನ ಕಡೆ ನೋಡಿದೆ. ಭಟ್ಟರೂ ನೋಡಿದರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಗೋಡೆಗೆ ಒರಗಿ ಕೂತರು. “ಎರಡನೇ ಸಲ ಕೇಳಿದ್ರು. ನಾನೇ ಬಡಿಸಿದೆ” ಎಂದಷ್ಟೇ ಹೇಳಿದರು. ನನಗೂ ದುಃಖ ಉಕ್ಕಿ ಬಂತು. ಸರಕಾರಿ ಟೊಪ್ಪಿಗೆ ತಲೆಯ ಮೇಲಿರುವಾಗ ಅಳುವ ಹಾಗಿಲ್ಲವೆಂದು ಬಾವಿಯ ಕಡೆ ತಿರುಗಿ ನಿಂತೆ.

ಆ ಬಾವಿಗೆ ರೋಗಾಣು ಕೊಲ್ಲುವ ಕೆಂಪು ಔಷಧಿ ಹಾಕಿಸಿ, ಬಾಯಿಗೆ ಹಲಗೆ ಹೊಡೆಸಿ, ಕಚೇರಿಗೆ ಹೋದೆ. ಗೋವಿಂದರಾಯರಿಗೆ ರೋಗ ಭಟ್ಟರ ಚಟ್ನಿಯಿಂದ ತಗುಲಿತೆಂದು ಡಾಕ್ಟರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. ಲೈಸೆನ್ಸ್ ರದ್ದು ಮಾಡುವ ಕಾಗದವನ್ನು ಎಳೆದುಕೊಂಡರು.

“ಅಂದರೆ ಆ ಮನುಷ್ಯ ಹಳಸಿದ ಚಟ್ನಿ ಬಡಿಸಿದ್ದಾನೆ.”

“ಇಲ್ಲ ಸರ್,” ಎಂದೆ. “ಚಟ್ನಿ ಫ್ರೆಶ್ ಇತ್ತು. ನೀರೂ ಫ್ರೆಶ್ ಇತ್ತು.”

ಅವರು ಲೇಖನಿಯನ್ನು ಕೆಳಗಿಟ್ಟರು. ಭಟ್ಟರು ಹಂಡೆಯ ನೀರು ಚೆಲ್ಲಿ ಬಾವಿಯ ನೀರು ಸೇದಿದ್ದು ಯಾಕೆಂದು ಹೇಳಿದೆ. ಆಮೇಲೆ ಅವರು ಆ ಕಾಗದವನ್ನು ಬದಿಗೆ ಸರಿಸಿ, ತಮ್ಮ ಆಜ್ಞೆಯ ಪ್ರತಿಯನ್ನು ತರಿಸಿ, ‘ಫ್ರೆಶ್’ ಎಂಬಲ್ಲಿ ಗೆರೆ ಎಳೆದು ಬೇರೆ ವಾಕ್ಯ ಬರೆದರು: ಬೇಯಿಸದೆ ಕೊಡುವ ಯಾವ ಪದಾರ್ಥಕ್ಕೂ ಕುದಿಸಿದ ನೀರನ್ನೇ ಬಳಸಬೇಕು. ಕ್ಷಮೆ ಕೇಳಲಿಲ್ಲ, ಯಾರನ್ನೂ ಬಯ್ಯಲೂ ಇಲ್ಲ. ಒಮ್ಮೆ ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಭಟ್ಟರ ಲೈಸೆನ್ಸ್ ಉಳಿಯಿತು. ಮಳೆಗಾಲದ ಹೊತ್ತಿಗೆ ರೋಗ ಇಳಿದ ಮೇಲೆ, ಅಲ್ಲಿಯವರೆಗೆ ಮುಚ್ಚಿದ್ದ ಹೋಟೆಲ್ ಮತ್ತೆ ತೆರೆಯಿತು, ಇಡ್ಲಿ ಮೊದಲಿನಂತೆ ಹುಳಿಬಂದು ಮೆತ್ತಗಾಯಿತು. ಚಟ್ನಿ ಮಾತ್ರ ಇಡುತ್ತಿರಲಿಲ್ಲ. ಗಿರಾಕಿಗಳು ಕೇಳಿದರೆ, “ಸಾಂಬಾರು ಉಂಟು, ಕುದೀತಾ ಉಂಟು” ಎನ್ನುತ್ತಿದ್ದರು. ಕುದಿಸಿದ ನೀರಿನಲ್ಲಿ ಮಾಡಲು ಅಡ್ಡಿಯಿಲ್ಲವೆಂದು ನಾನೇ ಎಷ್ಟೋ ಸಲ ಹೇಳಿದೆ. ಅವರು ತಲೆಯಾಡಿಸಿ ಒಲೆಯ ಕಡೆ ಹೋಗುತ್ತಿದ್ದರು.

ನಿವೃತ್ತಿಯವರೆಗೂ ಆ ಶಬ್ದವನ್ನು ವರದಿಗಳಲ್ಲಿ ಬರೆಯುವುದು ತಪ್ಪಲಿಲ್ಲ. ಆದರೆ ಬರೆಯುವ ಮೊದಲು ನೀರು ಎಲ್ಲಿಯದು ಎಂದು ಕೇಳುವುದನ್ನು ನೌಕರಿ ಕಲಿಸಿತು. ಹೊಸದಾಗಿ ಬಂದ ಇನ್‌ಸ್ಪೆಕ್ಟರುಗಳಿಗೂ ಅಷ್ಟನ್ನೇ ಹೇಳಿಕೊಟ್ಟೆ. ಫ್ರೆಶ್ ಎಂದರೆ ಯಾವಾಗ ಮಾಡಿದ್ದು ಎಂದು ಮಾತ್ರ ತಿಳಿಯುತ್ತದೆ, ತಿಂದವನು ಬದುಕುತ್ತಾನೆಯೇ ಎಂದು ತಿಳಿಯುವುದಿಲ್ಲ. ಅಂದು ಗೋವಿಂದರಾಯರ ಎಲೆಗೆ ಬಿದ್ದ ಚಟ್ನಿಯನ್ನು ಮೊದಲು ನನ್ನ ಮುಂದೆ ಹಿಡಿದಿದ್ದರೆ, ಮೂಸಿ ನೋಡಿ, ಫ್ರೆಶ್ ಎಂದೇ ನಾನು ಬರೆದುಕೊಡುತ್ತಿದ್ದೆ.