ಆಮೆ ಟ್ಯಾಕ್ಸಿಯ ಮುನಿಸು

ಸೋಮವಾರ ಬೆಳಿಗ್ಗೆ ನರ್ಸ್ ಸಿಸ್ಟರ್ ಫೋನ್ ಬಂತೆಂದರೆ ಎತ್ತುವ ಮೊದಲೇ ನನಗೆ ವಿಷಯ ಗೊತ್ತಿರುತ್ತಿತ್ತು.

"ನಿಮ್ಮ ಮಾವನ ಗಾಡಿ ಇವತ್ತೂ ಎದ್ದಿಲ್ಲ," ಎನ್ನುತ್ತಿದ್ದರು. ಗಾಡಿ ಅವರ ಹೆಸರಿಗೆ ಬದಲಾಗಿ ತಿಂಗಳುಗಳೇ ಕಳೆದಿದ್ದವು. ಆದರೆ ಕೈಕೊಟ್ಟ ದಿನ ಮಾತ್ರ ಅದು ನನ್ನ ಮಾವನದು.

ನನ್ನ ಕೆಲಸ ಹಳೆಯ ಕಾರು ಮಾರುವುದು. ತಗಡಿನ ಚಾವಣಿಯಡಿ ಸಾಲಾಗಿ ನಿಂತ ಕಾರುಗಳ ಮುಂದೆ, ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡು, "ಒಬ್ಬರೇ ಓನರ್ ಸಾರ್, ಡಾಕ್ಟರ್ ಓಡಿಸಿದ್ದು, ಅದೂ ಮನೆಯಿಂದ ಕ್ಲಿನಿಕ್‌ಗೆ ಅಷ್ಟೇ" ಎಂದು ಹೇಳುವುದು. ನಾನು ಮಾರಿದ ಕಾರುಗಳನ್ನು ನಂಬಿದರೆ ಈ ಊರಿನಲ್ಲಿ ರೋಗಿಗಳಿಗಿಂತ ಡಾಕ್ಟರುಗಳೇ ಜಾಸ್ತಿ. ನನಗೆ ಸ್ವಂತ ಕಾರಿಲ್ಲ. ಬಸ್ಸಿನಲ್ಲಿ ಕಂಬ ಹಿಡಿದುಕೊಂಡು ಬಂದು, ಪವರ್ ಸ್ಟೀರಿಂಗಿನ ಸುಖ ವರ್ಣಿಸುತ್ತೇನೆ. ಓಡಿಸಲೂ ನೆಟ್ಟಗೆ ಬರುವುದಿಲ್ಲ. ಮಾವನೇ ಕಲಿಸಲು ನೋಡಿದರು. ನಾನು ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ನಿಂತುಬಿಡುತ್ತಿತ್ತು. "ಅಳಿಯಂದ್ರೇ, ನೀವು ಬಾಯಿ ಆಡಿಸೋ ಕೆಲಸ ಏನಾದ್ರೂ ನೋಡ್ಕೊಳ್ಳಿ, ಕಾಲಾಡಿಸೋದು ಬೇಡ," ಎಂದರು. ನೋಡಿಕೊಂಡೆ.

ಮಾವ ಎಂದರೆ ಅಮ್ಮನ ಅಣ್ಣ. ದುಡಿದಷ್ಟು ಕಾಲವೂ ಟ್ಯಾಕ್ಸಿ ಓಡಿಸಿದವರು. ಸ್ಟ್ಯಾಂಡಿನಲ್ಲಿ ಅವರ ಗಾಡಿಗೆ 'ಆಮೆ ಟ್ಯಾಕ್ಸಿ' ಎಂದೇ ಹೆಸರು. ರೈಲು ಹಿಡಿಯಬೇಕಾದವರು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಹೆರಿಗೆ ಆಸ್ಪತ್ರೆಯಿಂದ ಮಗು ಕರೆದುಕೊಂಡು ಹೋಗುವವರು, ಬೇರೆ ಟ್ಯಾಕ್ಸಿಗಳು ಖಾಲಿ ನಿಂತಿದ್ದರೂ, ಇದೇ ಬರಲಿ ಎಂದು ಕಾಯುತ್ತಿದ್ದರು. ರಸ್ತೆಯ ಹಳ್ಳವನ್ನು ಮಾವ ದೂರದಿಂದಲೇ ಗುರುತಿಸಿ, ಅದಕ್ಕೆ ನೋವಾಗಬಾರದೇನೋ ಎಂಬಂತೆ ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸುತ್ತಿದ್ದರು. ಹಿಂದಿನ ಸೀಟಿನ ಮಗು ಎದ್ದು ಅತ್ತರೆ ಅವರಿಗೆ ಅವಮಾನವಾದ ಹಾಗೆ. ಈಗಲೂ ಪೇಟೆಯಲ್ಲಿ ಮೀಸೆ ಬಂದ ಹುಡುಗರನ್ನು ತೋರಿಸಿ, "ಇವನು ನಮ್ಮ ಗಾಡೀಲಿ ಮನೆಗೆ ಹೋದವನು, ದಾರಿ ಉದ್ದಕ್ಕೂ ನಿದ್ದೆ," ಎಂದು ಹೇಳುತ್ತಾರೆ. ಆ ಹುಡುಗರಿಗೆ ಇವರು ಯಾರೆಂದು ಗೊತ್ತಿರುವುದಿಲ್ಲ.

ಕ್ಲಚ್ ತುಳಿದು ತುಳಿದು ಎಡಗಾಲಿನ ಮೊಣಕಾಲು ಸವೆಯಿತು. ಇನ್ನು ಓಡಿಸುವ ಹಾಗಿಲ್ಲ ಎಂದು ಡಾಕ್ಟರ್ ಹೇಳಿದರು. ಈ ಡಾಕ್ಟರ್ ನಿಜವಾದವರು. ಗಾಡಿಯನ್ನು ನಮ್ಮ ಅಂಗಡಿಗೆ ತಂದು ನಿಲ್ಲಿಸಿದ ಮಾವ, ಕೊಳ್ಳಲು ಬಂದವರನ್ನೆಲ್ಲ ತಾವೇ ಸಂದರ್ಶನ ಮಾಡತೊಡಗಿದರು. ಸೀಟು ಕಿತ್ತು ದೊಡ್ಡ ಸ್ಪೀಕರ್ ಇಡುತ್ತೇನೆಂದ ಒಬ್ಬನನ್ನು ಗೇಟಿನವರೆಗೂ ಬಿಟ್ಟು ಬಂದರು. ಕೊನೆಗೆ ಸಿಸ್ಟರ್ ಬಂದರು. ಆಸ್ಪತ್ರೆ ಬಿಟ್ಟು, ಈಗ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸ್.

"ಎಷ್ಟು ಸ್ಪೀಡಲ್ಲಿ ಓಡಿಸ್ತೀರಮ್ಮ?" ಎಂದರು ಮಾವ.

"ಹಳೇ ಪಟ್ಟಿ ಬಿಚ್ಚೋ ಸ್ಪೀಡಲ್ಲಿ."

"ಅಂದ್ರೆ?"

"ನೋವಾಗದ ಹಾಗೆ."

ಮಾವ ಬೀಗದಕೈ ಕೊಟ್ಟೇಬಿಟ್ಟರು. ಸಿಸ್ಟರ್ ಕೂತು ತಿರುಗಿಸಿದರು. ಸೆಲ್ಫ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದರು, ಮತ್ತೆ ಅದೇ. ಮಾವ ಅವರನ್ನು ಇಳಿಸಿ ತಾವು ಕೂತರು. ಗಾಡಿ ಒಂದೇ ಸಲಕ್ಕೆ ಎದ್ದಿತು. "ಹೊಸಬರನ್ನ ಕಂಡು ನಾಚ್ಕೊಂಡಿದೆ," ಎಂದು, ಎಂಜಿನ್ ಆರಿಸದೆ ಹಾಗೆಯೇ ಇಳಿದು, ಬಾಗಿಲು ಹಿಡಿದು ಸಿಸ್ಟರನ್ನು ಕೂರಿಸಿದರು. ಮದುವೆಯಾದ ಮಗಳನ್ನು ಕಳಿಸಿಕೊಡುವಾಗಲೂ ಅವರು ಅಷ್ಟು ಹೊತ್ತು ಬೀದಿಯಲ್ಲಿ ನಿಂತಿರಲಿಲ್ಲ ಎಂದು ಆಮೇಲೆ ಅತ್ತೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮುಂದಿನ ಭಾನುವಾರದಿಂದಲೇ ಶುರುವಾಯಿತು. ರೇಡಿಯೇಟರಿನ ನೀರು ನೋಡಿ ಬರುತ್ತೇನೆಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೊಣಕಾಲು ಎಳೆಯುತ್ತ ಮಾವ ಸಿಸ್ಟರ್ ಮನೆಗೆ ನಡೆದೇ ಹೋಗುವರು. ಸಿಸ್ಟರ್ ಬೀಗದಕೈ ಕೊಟ್ಟು ಬಟ್ಟೆ ಒಗೆಯಲು ಹೋಗುವರು. ಮಾವ ಗಾಜು ಒರೆಸಿ, ಗಾಳಿ ನೋಡಿ, ಒಳಗೆ ಕೂತು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಸದ್ದು ಕೇಳಿ, ಆರಿಸಿ, ಬೀಗದಕೈ ಮನೆಯ ಕಿಟಕಿಯಲ್ಲಿಟ್ಟು ಬರುವರು.

ಸೋಮವಾರ ಗಾಡಿ ಏಳುತ್ತಿರಲಿಲ್ಲ.

ಮೊದಲ ಸಲ ನಮ್ಮ ಮೆಕ್ಯಾನಿಕ್ಕನ್ನು ಕಳಿಸಿದೆ. ಬ್ಯಾಟರಿ ನೋಡಿದ, ಚೆನ್ನಾಗಿತ್ತು. ಪೆಟ್ರೋಲ್ ಇತ್ತು. ಪ್ಲಗ್ ಬಿಚ್ಚಿ ನೋಡಿದ, ಕಿಡಿ ಬರುತ್ತಿರಲಿಲ್ಲ. ಕಿಡಿ ಕೊಡುವ ಕಾಯಿಲ್ ಕೆಟ್ಟಿರಬೇಕೆಂದು ಅದನ್ನು ಬದಲಾಯಿಸಿದ. ಆದರೂ ಇಲ್ಲ. ವೈರುಗಳನ್ನು ಒಂದೊಂದಾಗಿ ಹಿಡಿದು ನೋಡಬೇಕೆಂದು ತೋಳು ಮಡಿಸುವಷ್ಟರಲ್ಲಿ, ಸಿಸ್ಟರ್ ಅವಸರಕ್ಕೆ ಮಾವನಿಗೂ ಫೋನ್ ಮಾಡಿದ್ದರಿಂದ ಅವರೇ ಬಂದುಬಿಟ್ಟರು. ಕೂತರು. ಗಾಡಿ ಎದ್ದಿತು. ಓಡುತ್ತಿರುವ ಗಾಡಿಯನ್ನು ಹಾಗೆಯೇ ಸಿಸ್ಟರ್ ಕೈಗೆ ಕೊಟ್ಟರು.

"ಕಾಯಿಲೆ ಇರೋವಾಗ ತಾನೇ ನಾನು ನೋಡ್ಬೇಕು," ಎಂದು ಮೆಕ್ಯಾನಿಕ್ ನನ್ನ ಮೇಲೆ ರೇಗಿದ. "ಇವರು ಬಂದು ವಾಸಿ ಮಾಡಿಬಿಟ್ರೆ ನಾನು ಏನನ್ನ ಹುಡುಕ್ಲಿ?"

ಎರಡನೇ ಸೋಮವಾರವೂ ಹಾಗೆಯೇ, ಆಮೇಲೂ ಹಾಗೆಯೇ. ಪ್ರತಿ ಸಲವೂ ಮಾವನ ನಡಿಗೆ ಚುರುಕಾಗುತ್ತಿತ್ತು. ಸ್ಟ್ಯಾಂಡಿನ ಹಳೆಯ ಗೆಳೆಯರಿಗೆ, "ಏನ್ಮಾಡೋದಪ್ಪ, ಬೇರೆ ಕೈ ಒಗ್ತಿಲ್ಲ ಅದಕ್ಕೆ," ಎಂದು ಬೇಸರದ ಮುಖ ಮಾಡಿ ಹೇಳುತ್ತಿದ್ದರು. ಮುಖದಲ್ಲಿ ಬೇಸರ ನಿಲ್ಲುತ್ತಿರಲಿಲ್ಲ.

ಒಂದು ಸೋಮವಾರ ಸಿಸ್ಟರ್ ಜಗಳವಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ಒಬ್ಬರು ಅಜ್ಜಿ ಬೆನ್ನಿನ ಹುಣ್ಣಿನ ಪಟ್ಟಿ ಒದ್ದೆಯಾಗಿ, ನಾನು ಬರೋವರೆಗೂ ಮಗ್ಗುಲು ಬದಲಾಯಿಸದೆ ಕಾದಿದ್ದಾರೆ," ಎಂದರು. "ನಿಮ್ಮ ಮಾವ ಒಳ್ಳೆಯವರು. ಗಾಡಿನೂ ಒಳ್ಳೇದೇ ಇರ್ಬೋದು. ಆದ್ರೆ ಇನ್ನೊಂದು ಸಲ ಹೀಗಾದ್ರೆ ಗುಜರಿಯವನಿಗೆ ಕೊಟ್ಟು ಬೇರೆ ತಗೋತೀನಿ. ಈ ವಯಸ್ಸಿನ ಗಾಡಿನ ಇನ್ಯಾರು ಕೊಳ್ತಾರೆ, ನೀವೇ ಹೇಳಿ."

ಹೇಳುವುದೇನು, ಅದು ನನ್ನ ಕಸುಬೇ. ಯಾರೂ ಕೊಳ್ಳುವುದಿಲ್ಲ. ಗುಜರಿಯವನ ಅಂಗಳ ನಮ್ಮ ಅಂಗಡಿಯ ಹಿಂದೆಯೇ ಇದೆ. ಅಲ್ಲಿ ಬಾಗಿಲುಗಳನ್ನೆಲ್ಲ ಒಂದು ಕಡೆ, ಸೀಟುಗಳನ್ನೆಲ್ಲ ಒಂದು ಕಡೆ ಪೇರಿಸಿರುತ್ತಾರೆ.

ಸಂಜೆ ಮಾವನ ಮನೆಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಮಾವ ಕಾಲು ಚಾಚಿಕೊಂಡು ಕೂತಿದ್ದರು. ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ವಿಷಯ ಹೇಳಿದೆ. ಗುಜರಿ ಎಂಬ ಮಾತಿಗೆ ಮಾವ ಕಾಲು ಹಿಂದಕ್ಕೆ ಎಳೆದುಕೊಂಡರು.

"ನಾವೇ ವಾಪಸ್ ತಗೊಂಡ್ರೆ?" ಎಂದರು.

"ತಗೊಂಡು?" ಎಂದರು ಅತ್ತೆ. "ಅದನ್ನ ಎಳ್ಕೊಂಡು ಹೋಗೋದು ಯಾರು, ಈ ಕಾಲಾ?"

ನಾನು ಬರುವ ದಾರಿಯಲ್ಲಿ ಲೆಕ್ಕ ಹಾಕಿಕೊಂಡು ಬಂದದ್ದನ್ನು ಹೇಳಿದೆ. "ಮಾವ, ಬೇಜಾರು ಮಾಡ್ಕೋಬೇಡಿ. ನೀವು ಹೋಗದೆ ಇದ್ದ ವಾರ ಅದು ಚೆನ್ನಾಗಿ ಓಡುತ್ತೆ. ಅತ್ತೆಗೆ ಜ್ವರ ಬಂದು ನೀವು ಮನೇಲಿದ್ರಲ್ಲ, ಆ ವಾರ ಒಂದು ಕಂಪ್ಲೇಂಟೂ ಇರ್ಲಿಲ್ಲ. ನೀವು ಹೋಗಿ ಬಂದ ಮಾರನೇ ದಿನವೇ ಕೆಡೋದು."

ಮಾವನ ಮುಖ ಅರಳಿತು. ನನ್ನ ಪತ್ತೇದಾರಿಕೆಗೆ ಬಂದ ಬಹುಮಾನ ಅದು. "ಅದನ್ನೇ ಅಲ್ವೇನೋ ನಾನು ಹೇಳ್ತಿರೋದು," ಎಂದರು. "ನನ್ನನ್ನ ನೋಡಿದ ಮೇಲೆ ಅದಕ್ಕೆ ತಡ್ಕೊಳ್ಳೋಕಾಗಲ್ಲ. ಮುನಿಸ್ಕೊಂಡು ಕೂತ್ಬಿಡುತ್ತೆ."

"ನನಗೂ ಹಾಗೆ ಒಂದಿನ ಮುನಿಸ್ಕೊಳ್ಳೋಕೆ ಬಿಟ್ಟಿದ್ರೆ," ಎಂದರು ಅತ್ತೆ, ಎಣ್ಣೆ ಬಟ್ಟಲಿಗೆ ಹೇಳುವಂತೆ.

"ಹಾಗಾದ್ರೆ ಹೋಗ್ಬೇಡಿ ಮಾವ. ಅದು ಉಳಿಯುತ್ತೆ," ಎಂದೆ.

ಅತ್ತೆ ಮತ್ತೆ ಅವರ ಕಾಲನ್ನು ತಮ್ಮತ್ತ ಎಳೆದುಕೊಂಡು ತಿಕ್ಕತೊಡಗಿದರು. "ಒಂದು ಸಲ ಹೋಗಿ ಅದಕ್ಕೆ ಹೇಳಿ ಬಂದ್ಬಿಡ್ತೀನಿ," ಎಂದರು ಮಾವ ಕೊನೆಗೆ. "ಹೇಳದೆ ಕೇಳದೆ ನಿಲ್ಲಿಸಿದ್ರೆ ಸರಿಯಲ್ಲ." ನಗಬೇಕೆನಿಸಿತು. ಅತ್ತೆ ನಗಲಿಲ್ಲ, ಆದ್ದರಿಂದ ನಾನೂ ಸುಮ್ಮನಿದ್ದೆ.

ಭಾನುವಾರ ಅವರ ಜೊತೆ ನಾನೂ ಹೋದೆ. ಮಾವ ಎಂದಿನಂತೆ ಗಾಜು ಒರೆಸಿದರು. ಆಮೇಲೆ ಬಾಗಿಲು ಮುಚ್ಚಿಕೊಂಡು ಒಳಗೆ ಕೂತರು. ಎಂಜಿನ್ ಓಡುತ್ತಿತ್ತು. ಅವರ ತುಟಿ ಅಲ್ಲಾಡುವುದು ಗಾಜಿನಾಚೆ ಕಾಣುತ್ತಿತ್ತು. ನಾನು ಬೇಕೆಂದೇ ಕಾಂಪೌಂಡಿನ ಕಡೆ ತಿರುಗಿ ನಿಂತೆ. ಎಂಜಿನ್ ನಿಂತಿತು. ಮಾವ ಇಳಿದು ಬಾಗಿಲನ್ನು ಸದ್ದಾಗದಂತೆ ಒತ್ತಿ ಹಾಕಿದರು. ಕಣ್ಣು ಒರೆಸಿಕೊಂಡದ್ದು ಗಾಜು ಒರೆಸಿದ ಬಟ್ಟೆಯಲ್ಲಿಯೇ.

ಅಷ್ಟರಲ್ಲಿ ಸಿಸ್ಟರ್ ಬ್ಯಾಗ್ ಹಿಡಿದು ಹೊರಬಂದರು. ಆ ಅಜ್ಜಿಗೆ ಜ್ವರ ಏರಿದೆಯಂತೆ, ಕೂಡಲೇ ಹೋಗಬೇಕು. ಕೂತರು, ಸೀಟನ್ನು ಮುಂದಕ್ಕೆ ಎಳೆದುಕೊಂಡರು, ಬೀಗದಕೈ ತಿರುಗಿಸಿದರು. ಸೆಲ್ಫ್ ತಿರುಗಿತು. ಅಷ್ಟೇ.

ಮಾವ ಮುಂದೆ ಬಂದು, "ಇಳೀರಮ್ಮ, ನಾನು ಮಾಡಿ ಕೊಡ್ತೀನಿ," ಎಂದರು. ಅವರ ಧ್ವನಿಯಲ್ಲಿ ಈ ಸಲ ಹೆಮ್ಮೆ ಇರಲಿಲ್ಲ.

"ಮಾಡಿ ಕೊಡೋದು ಬೇಡ ಯಜಮಾನ್ರೇ," ಎಂದು ಸಿಸ್ಟರ್ ಇಳಿದು, ಕಿಟಕಿಗೆ ಎರಡೂ ಕೈ ಊರಿ ಬಾಗಿದರು. "ನಮಗೆ ಕಲಿಸೋವಾಗ ಒಂದು ನಿಯಮ ಇತ್ತು. ಕೈ ಮಾಡೋದನ್ನೆಲ್ಲ ಬಾಯಿ ಹೇಳ್ಬೇಕು. ಹೇಳದೆ ಇರೋದನ್ನ ಕೈ ಮಾಡೋ ಹಾಗಿಲ್ಲ. ಹಾಗೆ ಮಾಡಿ ತೋರ್ಸಿ."

ಮಾವ ಕೂತರು. ಸಣ್ಣ ಹುಡುಗ ಪಾಠ ಒಪ್ಪಿಸುವಂತೆ ಹೇಳತೊಡಗಿದರು. "ಬಾಗಿಲು ಹಾಕಿದೆ. ಗೇರು ನ್ಯೂಟ್ರಲ್ ನೋಡಿದೆ. ಕ್ಲಚ್ ಒತ್ತಿದೆ. ಬೀಗದಕೈ ತಿರುಗಿಸಿದೆ." ಗಾಡಿ ಎದ್ದಿತು. "ಇಷ್ಟೇ ಅಮ್ಮ. ಇನ್ನೇನಿಲ್ಲ."

"ಎಡಗೈ ಎಲ್ಲಿ ಹೋಗಿತ್ತು?"

"ಎಲ್ಲಿಗೆ?"

"ಸೀಟಿನ ಕೆಳಗೆ ಹೋಯ್ತಲ್ಲ, ಕ್ಲಚ್ ಒತ್ತೋಕೆ ಮುಂಚೆ."

ಹೋಗಿತ್ತು. ಚಿಕ್ಕಂದಿನಿಂದ ನಾನೂ ಅದನ್ನು ನೋಡಿದ್ದೆ. ಸೀಟು ಸರಿಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮಾವ ತಮ್ಮ ಎಡಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡರು. ಆಮೇಲೆ ನಿಧಾನವಾಗಿ ಅದನ್ನು ಸೀಟಿನಡಿಗೆ ಇಳಿಸಿದರು. ಟಿಕ್ ಎಂದಿತು. ಎಂಜಿನ್ ನಿಂತಿತು.

ನಾನಿನ್ನೂ ಹುಟ್ಟದಿದ್ದ ಕಾಲದಲ್ಲಿ ಒಮ್ಮೆ ಈ ಗಾಡಿ ಕಳುವಾಗಿತ್ತಂತೆ. ಪಕ್ಕದೂರಿನಲ್ಲಿ ಸಿಕ್ಕಿದ ಮೇಲೆ ಎಲೆಕ್ಟ್ರೀಷಿಯನ್ ಒಬ್ಬ ಸೀಟಿನಡಿ, ಹಾಕದಿದ್ದರೆ ಎಂಜಿನ್ನಿಗೆ ಕಿಡಿ ಸಿಗದಂಥ ಒಂದು ಕಳ್ಳ ಸ್ವಿಚ್ ಕೂರಿಸಿ, ಹೆಂಡತಿಗೂ ಹೇಳಬೇಡಿ ಎಂದಿದ್ದ. ಮಾವ ಹೇಳಲಿಲ್ಲ. ಗುಟ್ಟನ್ನು ಎಷ್ಟು ಚೆನ್ನಾಗಿ ಕಾಪಾಡಿದರೆಂದರೆ ಕೊನೆಗೆ ತಮಗೂ ಹೇಳಿಕೊಳ್ಳುವುದನ್ನು ಬಿಟ್ಟರು. ಕೈ ಮಾತ್ರ ತನ್ನ ಪಾಡಿಗೆ ತಾನು ಹತ್ತುವಾಗ ಹಾಕುತ್ತಿತ್ತು, ಆರಿಸಿ ಇಳಿಯುವಾಗ ತೆಗೆಯುತ್ತಿತ್ತು. ಸೋಮವಾರ ಓಡುವ ಗಾಡಿ ಒಪ್ಪಿಸುತ್ತಿದ್ದರಿಂದ ಸ್ವಿಚ್ ಹಾಕಿಯೇ ಇರುತ್ತಿತ್ತು, ವಾರವಿಡೀ ಏನೂ ತೊಂದರೆಯಿರಲಿಲ್ಲ. ಭಾನುವಾರ ಮಾವ ಪ್ರೀತಿಯಿಂದ ಬಂದು, ಆರಿಸಿ, ಕಳ್ಳರಿಂದ ಕಾಪಾಡಿ ಹೋಗುತ್ತಿದ್ದರು.

ಸಿಸ್ಟರ್ ಕಿಟಕಿಗೆ ಹಣೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಸಿಸ್ಟರ್ ಮಾವನ ಮುಖ ನೋಡಿ ತಟ್ಟನೆ ನಿಲ್ಲಿಸಿದರು. ನನಗೆ ತಡವಾಗಿ ಅರ್ಥವಾಗುವುದು ರೂಢಿ.

ಮಾವ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. "ಅಂದ್ರೆ ಅದಕ್ಕೇನೂ ಅನ್ನಿಸಿರ್ಲಿಲ್ಲ," ಎಂದರು ನನ್ನನ್ನು ನೋಡಿ.

ಗಾಡಿಗಳ ಬಗ್ಗೆ ಸುಳ್ಳು ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ.

"ಆ ವೈರ್ ಕಿತ್ತು ಹಾಕಿಸಿದ್ರಾಯ್ತು ಬಿಡಿ ಸಿಸ್ಟರ್," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಕೀಳಿಸ್ಬೇಡಿ," ಎಂದರು ಮಾವ. ಮೊಣಕಾಲು ಹಿಡಿದುಕೊಂಡು ಇಳಿದರು. "ನೀವು ರಾತ್ರಿಯೆಲ್ಲ ಯಾರ್ಯಾರದೋ ಮನೆ ಮುಂದೆ ನಿಲ್ಲಿಸಿ ಹೋಗೋರು. ಇರ್ಲಿ ಅದು. ಕೂತ್ಕೊಳ್ಳಿ, ಹೇಳ್ಕೊಡ್ತೀನಿ. ಬಗ್ಗಿ ನೋಡ್ಬೇಡಿ, ನೋಡಿದ್ರೆ ಪಕ್ಕದಲ್ಲಿ ನಿಂತೋನಿಗೆ ಗೊತ್ತಾಗುತ್ತೆ. ಕೈಗೇ ಗೊತ್ತಾಗ್ಬೇಕು."

ಸಿಸ್ಟರ್ ಕೈ ಮೊದಲು ಸೀಟಿನ ಹಿಡಿಕೆಗೆ ಹೋಯಿತು. ಆಮೇಲೆ ಸ್ಪ್ರಿಂಗಿಗೆ. "ಇನ್ನೂ ಒಳಗೆ. ಹಾಂ, ಅಲ್ಲೇ, ತಣ್ಣಗೆ ಸಿಗುತ್ತಲ್ಲ." ಹಾಕಿಸಿದರು, ತೆಗೆಸಿದರು, ಮತ್ತೆ ಹಾಕಿಸಿದರು. ಅವಸರವಿದೆಯೆಂದು ಸಿಸ್ಟರ್ ಹೇಳಲಿಲ್ಲ. ಆದರೂ ಮಾವನೇ, "ಸಾಕು, ಅಜ್ಜಿ ಕಾಯ್ತಿರ್ತಾರೆ, ಹೊರಡಿ," ಎಂದು ಹಿಂದೆ ಸರಿದರು.

ಗಾಡಿ ಸಿಸ್ಟರ್ ಕೈಯಲ್ಲಿ ಒಂದೇ ಸಲಕ್ಕೆ ಎದ್ದಿತು. "ಮುಂದಿನ ಭಾನುವಾರ ಬನ್ನಿ ಯಜಮಾನ್ರೇ, ನೀರು ನೋಡೋಕೆ," ಎಂದು ಕಿಟಕಿಯಿಂದ ಹೇಳಿದರು.

"ನೀರು ನೀವೇ ನೋಡ್ಕೋಬಹುದಮ್ಮ. ಎಂಜಿನ್ ತಣ್ಣಗಿರೋವಾಗ ಮುಚ್ಚಳ ತೆಗೀರಿ, ಅಷ್ಟೇ."

ಗಾಡಿ ಗೇಟು ದಾಟಿತು. ಮಾವ ಬೀದಿಗೆ ಬಂದು ನಿಂತು ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡರು. "ಸೆಕೆಂಡ್ ಗೇರಿಗೆ ಬೇಗ ಹಾಕಿಬಿಟ್ರು," ಎಂದರು.

"ಫೋನ್ ಮಾಡಿ ಹೇಳ್ಲಾ?"

"ಬೇಡ. ಅದು ಒಪ್ಕೊಂಡು ಹೋಗ್ತಿದೆಯಲ್ಲ."

ತಿರುವಿನಾಚೆ ನನಗೆ ಸದ್ದು ಕೇಳಿಸುವುದು ನಿಂತುಹೋಯಿತು. ಮಾವನಿಗೆ ಇನ್ನೂ ಕೇಳಿಸುತ್ತಿದ್ದಿರಬೇಕು. ನಮ್ಮ ಕಡೆಯ ಬಸ್ಸು ಬಂದು ನಿಧಾನಿಸಿ, ಹತ್ತುವವರು ಯಾರೂ ಕಾಣದೆ ಹೊರಟುಹೋಯಿತು. ಮಾವ ಕೇಳಿ ಮುಗಿಸಲಿ ಎಂದು ನಾನು ಕೈ ಅಡ್ಡ ಹಾಕಲಿಲ್ಲ.