ನಕ್ಷೆಯಲ್ಲಿ ಕಟ್ ಆದ ಈಶಾನ್ಯ

ಸಾರಕ್ಕಿ ಕಡೆಯ ಒಂದು ಬಡಾವಣೆಗೆ ಉಪಗ್ರಹ ಚಿತ್ರದಿಂದ ನಕ್ಷೆ ಮಾಡಿಕೊಟ್ಟಿದ್ದೆ. ಅಂಚಿನಲ್ಲಿ ಮೋಡ ಮುಚ್ಚಿತ್ತು ಅಂತ ಅಷ್ಟು ಭಾಗ ಕತ್ತರಿಸಿ ತೆಗೆದಿದ್ದೆ. ಬಡಾವಣೆ ಸಂಘದ ಅಧ್ಯಕ್ಷರು ಜಯನಗರದ ನಮ್ಮ ಆಫೀಸಿಗೆ ಬಂದವರೇ ಸ್ಕ್ರೀನಿಗೆ ಬೆರಳಿಟ್ಟು ಕೂಗಿದರು.

“ನಮ್ಮನೆ ಈಶಾನ್ಯ ಮೂಲೇನೇ ಕಟ್ ಮಾಡಿಬಿಟ್ಟಿದೀರಲ್ರೀ!”

“ಚಿತ್ರದಲ್ಲಿ ಮಾತ್ರ ಅಂಕಲ್. ಮನೆಗೇನೂ ಆಗಿಲ್ಲ.”

“ಇದನ್ನ ಸಂಘದ ಗೋಡೆಗೆ ಹಾಕ್ತೀವಿ. ಮಗನಿಗೆ ಸಂಬಂಧ ನೋಡ್ತಿದೀವಿ. ಈಶಾನ್ಯ ಇಲ್ಲದ ಮನೆಗೆ ಯಾರ್ರೀ ಹೆಣ್ಣು ಕೊಡ್ತಾರೆ?”

ವಾಸ್ತು ದೋಷಕ್ಕೆ ನನ್ನ ಸಾಫ್ಟ್‌ವೇರಿನಲ್ಲಿ ಬಟನ್ ಇಲ್ಲ. ಮೋಡವಿಲ್ಲದ ಹಳೇ ಚಿತ್ರವೊಂದಿತ್ತು, ಅದರಿಂದ ಆ ಮೂಲೆಯಷ್ಟನ್ನು ಕತ್ತರಿಸಿ ತಂದು ಹೊಸದಕ್ಕೆ ಜೋಡಿಸಿದೆ. ಮೂಲೆ ತುಂಬ ನೀರು! ಅವರು ಮನೆ ಕಟ್ಟೋಕೆ ಮುಂಚೆ ಅಲ್ಲಿ ಕೆರೆಯಿತ್ತು. ಅಳಿಸಿಬಿಡೋಣ ಅಂತ ಮೌಸ್ ಹಿಡಿದೆ.

ಅಂಕಲ್ ಮುಖ ಅರಳಿತು. “ಈಶಾನ್ಯದಲ್ಲಿ ನೀರು! ಇದಕ್ಕಿಂತ ಒಳ್ಳೇ ವಾಸ್ತು ಬೇಕೇನ್ರೀ? ಎರಡು ಪ್ರಿಂಟ್ ಹಾಕಿ. ಕೆರೆ ಒತ್ತುವರಿ ಸರ್ವೆಗೆ ಸಾಹೇಬ್ರು ಬರ್ತಿದಾರೆ, ಅವರಿಗೂ ಒಂದು ಕೊಡ್ತೀನಿ.”

ಬೇಡ ಅಂತ ಹೇಳೋಷ್ಟರಲ್ಲಿ ತಾವೇ ಪ್ರಿಂಟ್ ಒತ್ತಿ, ಎರಡೂ ನಕ್ಷೆ ಸುತ್ತಿಕೊಂಡು ಹೊರಟೇಬಿಟ್ಟರು. ಮನೆಯ ದೋಷವೇನೋ ಹೋಯ್ತು. ಇನ್ನು ಮನೆ ಹೋಗೋದೊಂದು ಬಾಕಿ.