ದೋಣಿಗೆ ಸಾಗವಾನಿ ತೊಲೆ

ಸವದತ್ತಿಯಲ್ಲಿ ಬಾಗಿಲು, ಚಕ್ಕಡಿ ಮಾಡಿಕೊಂಡಿದ್ದ ನನಗೆ ತೊಂಬತ್ತರ ದಶಕದಲ್ಲಿ ಒಮ್ಮೆ ದೋಣಿ ಮಾಡುವ ಕೆಲಸ ಬಂತು. ಮಲಪ್ರಭೆಯ ಹಿನ್ನೀರನ್ನು ಸುತ್ತು ಹಾಕಿ ಸಂತೆಗೆ ಬರುತ್ತಿದ್ದ ಆಚೆ ದಂಡೆಯ ರೈತರು ಕೇಳಿದ್ದರು. ತಳಕ್ಕೆ ಬೆನ್ನೆಲುಬಿನಂತೆ ಹಾಕಲು ಉದ್ದನೆಯ ಒಂದೇ ಮರ ಬೇಕಿತ್ತು. ಕಟ್ಟಿಗೆ ಅಡ್ಡೆಗಳಲ್ಲೆಲ್ಲ ಬರೀ ತುಂಡುಗಳು. ಕೊನೆಗೆ ಸಂಪಗಾಂವದಲ್ಲಿ ಹಳೆ ಮನೆ ಬಿಚ್ಚಿಸುತ್ತಿದ್ದ ಗಂಗವ್ವಜ್ಜಿಯ ಅಂಗಳದಲ್ಲಿ ಅಂಥ ಸಾಗವಾನಿ ತೊಲೆ ಕಂಡಿತು.

"ನಾ ಸೊಸಿಯಾಗಿ ಬಂದಾಗಿಂದ ಇದು ನನ್ನ ತಲಿ ಕಾಯ್ದೈತಿ. ಎಲ್ಲಿ ಇಡ್ತೀರಿ ಅಂತ ನೋಡದ ಕೊಡಂಗಿಲ್ಲ" ಎಂದಳು ಅಜ್ಜಿ.

ಮರುದಿನ ಬಸ್ಸು ಹತ್ತಿ ಬಂದೇಬಿಟ್ಟಳು. ನಾನು ಮನೆಯ ಹಿಂದಿನ ಬಯಲನ್ನು ಅಗೆದು ಸಮ ಮಾಡಿ, ಮರ ಇಡಲು ದಿಮ್ಮಿಗಳನ್ನು ಸಾಲಾಗಿ ಹೂಡಿದ್ದೆ. ಅಜ್ಜಿ ಒಂದು ಸುತ್ತು ತಿರುಗಿ ಮೇಲೆ ನೋಡಿದಳು.

"ನೆರಳ ಎಲ್ಲೈತಿ?"

"ಅಜ್ಜಿ, ಮುಂದ ಅದು ಬಿಸಲಾಗ, ನೀರಾಗ ಇರೂದ ಐತಲ್ರಿ."

"ಅದು ಮುಂದಿನ ಮಾತ. ಬಂದ ಮೊದಲನೇ ದಿನಾನ ಬಿಸಲಾಗ ನಿಲ್ಲಸ್ತೀರೇನ?"

ನಾನು ಜೋಳದ ಒಣ ದಂಟಿನ ಕಣಿಕೆ ತಂದು ಚಪ್ಪರ ಹಾಕಿದೆ. ನನ್ನ ಹೆಂಡತಿ ಕೊಟ್ಟ ರೊಟ್ಟಿ ತಿನ್ನುತ್ತಾ ಅಜ್ಜಿ, "ಆ ಮೂಲಿಗೆ ಇನ್ನೊಂದೀಟ ಹಾಕ್ರಿ" ಎಂದು ಕೈ ಮಾಡಿ ತೋರಿಸುತ್ತಿದ್ದಳು. ಚಪ್ಪರ ಮುಗಿದ ಮೇಲೆ ಕೆಳಗೆ ಹೋಗಿ ನಿಂತು, ಕಣ್ಣೊರೆಸಿಕೊಂಡು, "ನಾಳೆ ಟೆಂಪೋ ತಗೊಂಡ ಬರ್ರಿ" ಎಂದಳು.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ನನ್ನ ಕೊಡೂಮುಂದ ನಮ್ಮವ್ವ ಈ ಮನಿ ಇಷ್ಟ ನೋಡಿದ್ದಿಲ್ಲ ಬಿಡ್ರಿ."

ಚಪ್ಪರದ ಗಂಟು ಬಿಗಿ ಮಾಡುವುದಿದೆ ಎಂದು ನಾನು ಹಿತ್ತಲಿಗೆ ಜಾರಿಕೊಂಡೆ.